ಹನ್ನೊಂದನೇ ತಾರೀಕು, ಸೋಮವಾರ

ದೊಡ್ಡಕೊಪ್ಪಲಿನ ಚೆನ್ನಯ್ಯ ಗೋಡೆಗೆ ಅಂಗೈ ಇಟ್ಟು ಒಳಗಿನ ಕಾವು ಎಷ್ಟಿದೆಯೆಂದು ಹೇಳುತ್ತಿದ್ದ. ಅದು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆ. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಆ ಎತ್ತರದ ಕಟ್ಟಡದೊಳಗೆ ಸಾಲುಸಾಲಾಗಿ ತೂಗುಹಾಕಿದ ಮೇಲೆ ಹೊರಗಿನ ಒಲೆಯಿಂದ ಐದಾರು ದಿನ ಹಗಲೂ ರಾತ್ರಿ ಹದವಾಗಿ ಕಾವು ಕೊಡಬೇಕು. ಕಾವು ಹೆಚ್ಚಾದರೆ ಸೊಪ್ಪು ಕಪ್ಪಾಗುತ್ತದೆ, ಕಡಿಮೆಯಾದರೆ ಹಸಿರೇ ಉಳಿಯುತ್ತದೆ. ಬಂಗಾರದ ಬಣ್ಣ ಬರುವುದು ಒಲೆಯ ಮುಂದೆ ಕೂತವನ ಕೈಯಲ್ಲಿ. ರಾಮನಾಥಪುರದ ಸುತ್ತಮುತ್ತ ಆ ಕೈ ಚೆನ್ನಯ್ಯನದು ಎಂದು ಎಲ್ಲರೂ ಒಪ್ಪುತ್ತಿದ್ದರು. ಬ್ಯಾರನ್ನುಗಳ ಯಜಮಾನ ತಿಮ್ಮಪ್ಪಗೌಡರೂ ಒಪ್ಪುತ್ತಿದ್ದರು.

೧೯೫೮ರ ಆಷಾಢದಲ್ಲಿ ಒಂದು ಅನಾಹುತವಾಯಿತು. ಮೂರು ದಿನದಿಂದ ರಾತ್ರಿಯೆಲ್ಲ ಒಲೆ ಕಾದು, ಹಗಲೆಲ್ಲ ಹೊಲದಲ್ಲಿ ಸೊಪ್ಪು ಮುರಿದಿದ್ದ ದ್ಯಾವಯ್ಯ ಒಲೆಯ ಮುಂದೆಯೇ ತೂಕಡಿಸಿ ಬಿದ್ದ. ಬಲಗೈ ಮೊಣಕೈವರೆಗೆ ಸುಟ್ಟುಹೋಯಿತು. ದ್ಯಾವಯ್ಯ ಚೆನ್ನಯ್ಯನ ಹೆಂಡತಿ ಹೊನ್ನಕ್ಕನ ಅಣ್ಣ. ಅವನ ಗಾಯಕ್ಕೆ ಬೇವಿನೆಣ್ಣೆ ಹಚ್ಚುತ್ತಾ ಕೇರಿಯ ಜನ ಒಂದು ತೀರ್ಮಾನಕ್ಕೆ ಬಂದರು. ರಾತ್ರಿ ಒಲೆ ಕಾದವನನ್ನು ಹಗಲು ಹೊಲಕ್ಕೆ ಕರೆಯಬಾರದು, ಕಡ್ಡಿ ಕಟ್ಟುವ ಹೆಂಗಸರಿಗೆ ಮಗುವಿಗೆ ಹಾಲೂಡಿಸುವಷ್ಟು ಬಿಡುವು ಕೊಡಬೇಕು. ಕೇಳಿದ್ದು ಇಷ್ಟೇ. ತಿಮ್ಮಪ್ಪಗೌಡರು, "ಮುಂದಿನ ವರ್ಷ ನೋಡೋಣ" ಅಂದರು. ಆಗಸ್ಟ್ ನಾಲ್ಕನೇ ತಾರೀಕು ಜನ ಕೆಲಸ ನಿಲ್ಲಿಸಿದರು.

ಆವತ್ತು ಬ್ಯಾರನ್ನಿನ ಮುಂದೆ ಚೆನ್ನಯ್ಯ ನಾಲ್ಕು ಮಾತು ಆಡಿದ. ಭಾಷಣ ಮಾಡಿ ಗೊತ್ತಿದ್ದವನಲ್ಲ. ಹೆಗಲ ಮೇಲಿನ ಟವೆಲನ್ನು ಕೈಗೆ ತಕ್ಕೊಂಡು, "ಬ್ಯಾರನ್ನಿಗೆ ಬೆಂಕಿ ಆಕೋರು ನಾವು. ನಾವು ಆಕುದ್ರೆ ಉಂಟು, ಇಲ್ದಿದ್ರೆ ಇಲ್ಲ. ಗೌಡ್ರು ಇದುನ್ನ ತಿಳ್ಕಬೇಕು" ಅಂದ. ಅಷ್ಟಕ್ಕೇ ಜನ ಹೋ ಅಂದರು. ತಿಮ್ಮಪ್ಪನವರ ಲೆಕ್ಕ ಬರೆಯುವ ರೈಟರು ದೂರದಲ್ಲಿ ನಿಂತು ಕೇಳಿಸಿಕೊಂಡ.

ಒಂದು ವಾರ ಕಳೆಯಿತು. ಹೊಲದಲ್ಲಿ ಸೊಪ್ಪು ಹಣ್ಣಾಗಿ ಬಾಗತೊಡಗಿತ್ತು. ಭಾನುವಾರ ತಿಮ್ಮಪ್ಪನವರು ಹಾಸನಕ್ಕೆ ಹೋದರು. ಸೋಮವಾರ ಬೆಳಕು ಹರಿಯುವ ಹೊತ್ತಿಗೆ, ಯಾರೂ ಊಹಿಸದಿದ್ದದ್ದು ನಡೆಯಿತು. ತಿಮ್ಮಪ್ಪನವರ ತಾಯಿ ಕಾಮಾಕ್ಷಮ್ಮ, ಅರವತ್ತು ದಾಟಿದ ಹೆಂಗಸು, ಒಬ್ಬರೇ ಕೆಸರು ತುಳಿದುಕೊಂಡು ಕೇರಿಯ ಬಾಯಿಗೆ ಬಂದು ನಿಂತರು.

"ಚೆನ್ನಯ್ಯಾ, ಅನಸೂಯಂಗೆ ನೆನ್ನೆ ಸಂಜೆಯಿಂದ ನೋವು. ಮಗ ಅಡ್ಡ ತಿರುಗೈತೆ ಅಂತ ಸೂಲಗಿತ್ತಿ ಕೈಚೆಲ್ಲಿ ಕೂತವ್ಳೆ. ಗಾಡಿ ಹೂಡೋರು ಒಬ್ರೂ ಇಲ್ಲ ಕಣಪ್ಪ."

ಅನಸೂಯಮ್ಮ ತಿಮ್ಮಪ್ಪನವರ ಹೆಂಡತಿ. ಎರಡು ಹೆತ್ತಿದ್ದಳು, ಇದು ಮೂರನೆಯದು. ಕೇರಿಯ ಜನ ಒಬ್ಬರ ಮುಖ ಒಬ್ಬರು ನೋಡಿದರು. ಗಾಡಿ ಹೊಡೆಯುವ ಲಕ್ಕಯ್ಯ, "ಕೆಲ್ಸ ನಿಲ್ಸಿದೀವಿ ಅಂತ ಮಾತು ಕೊಟ್ಟಿದೀವಲ್ಲಾ ಚೆನ್ನಣ್ಣ" ಅಂದ.

"ಇದು ಕೆಲ್ಸ ಅಲ್ಲ ಕಣ್ಲಾ" ಅಂದ ಚೆನ್ನಯ್ಯ. ಆಗಲೇ ಅವನು ಎದ್ದು ನಡೆದಿದ್ದ.

ಅರಕಲಗೂಡಿನ ಆಸ್ಪತ್ರೆಗೆ ಹನ್ನೆರಡು ಮೈಲಿ. ಮಳೆ ಬಿಟ್ಟು ಬಿಟ್ಟು ಹೊಡೆಯುತ್ತಿತ್ತು. ಗಾಡಿಯೊಳಗೆ ಹುಲ್ಲಿನ ಮೇಲೆ ಜಮಖಾನ ಹಾಸಿ ಅನಸೂಯಮ್ಮನನ್ನು ಮಲಗಿಸಿದರು, ಕಾಮಾಕ್ಷಮ್ಮ ಸೊಸೆಯ ತಲೆ ತೊಡೆಯ ಮೇಲಿಟ್ಟುಕೊಂಡು ಕೂತರು. ದಾರಿಯ ಹಳ್ಳ ತುಂಬಿ ಹರಿಯುತ್ತಿತ್ತು. ಎತ್ತುಗಳು ನೀರು ಕಂಡು ಹಿಂದೆ ಸರಿದವು. ಚೆನ್ನಯ್ಯ ನೀರಿಗಿಳಿದ. ಎದೆಮಟ್ಟದ ನೀರಿನಲ್ಲಿ ಎಡದೆತ್ತಿನ ಮೂಗುದಾರ ಹಿಡಿದು, ಅದರ ಕಿವಿಯಲ್ಲಿ ಏನೋ ಹೇಳುತ್ತಾ, ಒಂದೊಂದೇ ಹೆಜ್ಜೆ ಇಡಿಸಿ ಆಚೆ ದಡ ಹತ್ತಿಸಿದ. ಆಸ್ಪತ್ರೆ ತಲುಪಿದಾಗ ಹನ್ನೊಂದೂವರೆ. ಒಂದು ಗಂಟೆಗೆ ಹೆಣ್ಣುಮಗು ಹುಟ್ಟಿತು. ಇನ್ನೊಂದು ಗಳಿಗೆ ತಡವಾಗಿದ್ದರೆ ಇಬ್ಬರಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲವೆಂದು ಡಾಕ್ಟರು ಕಾಮಾಕ್ಷಮ್ಮನಿಗೆ ಹೇಳಿದರು. ಚೆನ್ನಯ್ಯ ಆಸ್ಪತ್ರೆಯ ಅಂಗಳದಲ್ಲಿ ಎತ್ತುಗಳಿಗೆ ಹುಲ್ಲು ಹಾಕಿಕೊಂಡು ಹೊತ್ತು ಮುಳುಗುವವರೆಗೂ ಕಾದ. ಔಷಧಿ ತಾ ಅಂದರೆ ಓಡಿ ತಂದ, ಬಿಸಿನೀರು ಬೇಕು ಅಂದರೆ ಹೋಟೆಲಿನಿಂದ ತಂದುಕೊಟ್ಟ.

ತಿಮ್ಮಪ್ಪನವರು ಮಾರನೇ ದಿನ ಹಾಸನದಿಂದ ನೇರ ಆಸ್ಪತ್ರೆಗೆ ಬಂದರು. ಮಗುವಿನ ಮುಖ ನೋಡಿದರು. ನಡೆದದ್ದನ್ನೆಲ್ಲ ತಾಯಿಯ ಬಾಯಿಂದ ಕೇಳಿ ತಲೆ ತಗ್ಗಿಸಿ ಕೂತರು. ಬಾಣಂತಿಯನ್ನು ಒಂದು ವಾರ ಕಳೆದ ಮೇಲೆ ಚನ್ನರಾಯಪಟ್ಟಣದ ತವರಿಗೆ ಕಳಿಸಿಕೊಟ್ಟರು.

ಇಪ್ಪತ್ತನೇ ತಾರೀಕು ಬುಧವಾರ ಬೆಳಿಗ್ಗೆ ಚೆನ್ನಯ್ಯ ತನ್ನ ಗುಡಿಸಲಿನ ಮಾಡಿಗೆ ಸೋಗೆ ಹೊದಿಸುತ್ತಿದ್ದ. ಪೊಲೀಸರ ಜೀಪು ಬಂತು. ಕೆಳಗಿಳಿಸಿದರು.

"ಏನ್ ತಪ್ ಮಾಡಿದೀನಿ ಸಾ?"

"ತಪ್ಪು ಮಾಡಿದೀಯ ಅಂತ ಅಲ್ಲ ಕಣಯ್ಯ" ಅಂದ ದಫೇದಾರ. "ಮುಂದೆ ಮಾಡಬಾರದು ಅಂತ."

ಆ ಮಾತು ಹೊನ್ನಕ್ಕನಿಗೆ ಅರ್ಥವೇ ಆಗಲಿಲ್ಲ. ಕಡ್ಡಿ ಕಟ್ಟಿದ ಅಂಟಿನ ಕಲೆ ಇನ್ನೂ ಬಿಡದ ಕೈಯಲ್ಲಿ ಜೀಪಿನ ಬಾಗಿಲು ಹಿಡಿದುಕೊಂಡು, "ಯಾವತ್ತು ಬುಡ್ತೀರಿ? ಅದುನ್ನಾದ್ರೂ ಯೋಳಿ" ಅಂದಳು. ಅವರಿಗೂ ಗೊತ್ತಿರಲಿಲ್ಲ.

ಮೂರನೇ ದಿನ ಹೊನ್ನಕ್ಕ ಅರಕಲಗೂಡಿನ ಕೋರ್ಟಿಗೆ ನಡೆದು ಹೋದಳು. ಹಿಡಿದವರನ್ನು ಕೋರ್ಟಿಗೆ ತರುತ್ತಾರೆ, ಅಲ್ಲಿ ಜಾಮೀನು ಕೊಟ್ಟರೆ ಬಿಡುತ್ತಾರೆ ಎನ್ನುವಷ್ಟು ಅವಳಿಗೆ ಗೊತ್ತಿತ್ತು. ವಯಸ್ಸಾದ ಗುಮಾಸ್ತರೊಬ್ಬರು ಎರಡು ಪುಸ್ತಕ ತಿರುವಿಹಾಕಿ ನೋಡಿದರು.

"ನಿನ್ನ ಗಂಡನ ಮೇಲೆ ಇಲ್ಲಿ ಕೇಸೇ ಇಲ್ಲವಲ್ಲಮ್ಮ."

"ಕೇಸಿಲ್ಲ ಅಂದ್ರೆ ಬುಟ್ಬುಡಿ ಸಾಮಿ ಮತ್ತೆ."

ಗುಮಾಸ್ತರು ಕನ್ನಡಕ ತೆಗೆದರು. "ಕೇಸಿದ್ದಿದ್ರೆ ಬಿಡಿಸಬೋದಿತ್ತು ಕಣಮ್ಮ. ಇದು ಬೇರೆ ಕಾನೂನು. ಗಲಾಟೆ ಮಾಡಬಹುದು ಅನ್ನೋ ಅನುಮಾನ ಬಂದರೆ ಸಾಕು, ಕೇಸು, ವಿಚಾರಣೆ ಏನೂ ಇಲ್ಲದೆ ಒಳಗಿಡಬಹುದು. ಒಂದು ವರ್ಷದ ತನಕ. ಹಾಸನದ ಜೈಲಿಗೆ ಹೋಗಿ ಕೇಳು." ಅವಳು ಎದ್ದು ಹೊರಟಾಗ ಅವರು ಕರೆದು ಒಂದು ಚೀಟಿಯಲ್ಲಿ ಜೈಲಿನ ದಾರಿ, ಯಾರನ್ನು ಕೇಳಬೇಕು, ಭೇಟಿಗೆ ಅರ್ಜಿ ಹೇಗೆ ಹಾಕಬೇಕು ಎಲ್ಲವನ್ನೂ ಬರೆದುಕೊಟ್ಟರು. ಆ ಮನುಷ್ಯನ ಹೆಸರು ಕೇಳಬೇಕಿತ್ತು, ಕೇಳಲಿಲ್ಲ ಎಂದು ಹೊನ್ನಕ್ಕ ಮುಂದೆ ಎಷ್ಟೋ ಸಲ ಪೇಚಾಡಿಕೊಂಡಳು.

ಹಾಸನದ ಜೈಲಿನಲ್ಲಿ ಚೆನ್ನಯ್ಯನಿಗೆ ಹೊಡೆತವಿರಲಿಲ್ಲ, ಬೈಗುಳವಿರಲಿಲ್ಲ. ಮುದ್ದೆ, ಸಾರು ಸಿಗುತ್ತಿತ್ತು. ಕಷ್ಟ ಬೇರೆಯಿತ್ತು. ಪಕ್ಕದ ಕೋಣೆಯಲ್ಲಿದ್ದ ಕಳ್ಳನಿಗೆ ಆರು ತಿಂಗಳ ಶಿಕ್ಷೆ, ಅವನು ಗೋಡೆಯ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದು ದಿನ ಕಳೆಯುತ್ತಿದ್ದ. ಚೆನ್ನಯ್ಯನಿಗೆ ಎಷ್ಟು ಗೆರೆ ಎಳೆಯಬೇಕೆಂದೇ ತಿಳಿಯದು. ಐದನೇ ದಿನ ಅವನ ಕೈಗೆ ಒಂದು ಕಾಗದ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರು. ಇಂಗ್ಲಿಷಿನಲ್ಲಿ ಟೈಪು ಮಾಡಿದ ಕಾಗದ. ಅದನ್ನು ಅವನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡ, ಆಗಾಗ ತೆಗೆದು ನೋಡಿದ, ಮತ್ತೆ ಮಡಿಸಿದ.

ಇದನ್ನು ಗಮನಿಸಿದವರು ವಾರ್ಡರ್ ಈಶ್ವರಯ್ಯ. ನುಗ್ಗೇಹಳ್ಳಿ ಕಡೆಯವರು, ಹಣೆಯ ಮೇಲೆ ವಿಭೂತಿ, ದಪ್ಪ ಮೀಸೆ, ಮಾತು ಕಡಿಮೆ. ಲೋವರ್ ಸೆಕೆಂಡರಿ ಓದಿದ್ದರು, ಇಂಗ್ಲಿಷು ತಕ್ಕಮಟ್ಟಿಗೆ ಬರುತ್ತಿತ್ತು. ಒಂದು ಮಧ್ಯಾಹ್ನ ಪಾಳಿ ಮುಗಿಸಿ ಹೊರಟವರು ಕಂಬಿಯ ಮುಂದೆ ನಿಂತರು.

"ಕೊಡಿಲ್ಲಿ ನೋಡಾನ. ಏನ್ ಬರೆದಿದೆ ಅಂತ ಯಾರಾದ್ರೂ ಹೇಳಿದ್ರಾ?"

"ಇಲ್ಲ ಸಾ."

ಈಶ್ವರಯ್ಯ ಅಲ್ಲೇ ಮೆಟ್ಟಿಲ ಮೇಲೆ ಕೂತು, ಬೆರಳಿಟ್ಟು ಒಂದೊಂದು ಸಾಲನ್ನೂ ಕನ್ನಡಕ್ಕೆ ತಿರುಗಿಸಿ ಹೇಳಿದರು. ಎರಡು ಕಾರಣ ಬರೆದಿದ್ದರು. ಒಂದು, ಆಗಸ್ಟ್ ನಾಲ್ಕರಂದು ದೊಡ್ಡಕೊಪ್ಪಲಿನಲ್ಲಿ ಬ್ಯಾರನ್ನುಗಳಿಗೆ ಬೆಂಕಿ ಹಾಕುವುದಾಗಿ ಬೆದರಿಸಿದ. ಎರಡು, ಆಗಸ್ಟ್ ಹನ್ನೊಂದರಂದು ಮಧ್ಯಾಹ್ನ ಮೂರು ಗಂಟೆಗೆ ರಾಮನಾಥಪುರದ ಹೊಳೆಯ ದಡದಲ್ಲಿ ಇನ್ನೂರು ಜನರನ್ನು ಸೇರಿಸಿ, ಯಜಮಾನರ ಮನೆಗಳನ್ನು ಸುಡಿರೆಂದು ಪ್ರಚೋದಿಸಿದ. ಆದ್ದರಿಂದ ಸಾರ್ವಜನಿಕ ಶಾಂತಿಯ ದೃಷ್ಟಿಯಿಂದ ಇವನನ್ನು ಬಂಧನದಲ್ಲಿಡುವುದು ಅಗತ್ಯ.

"ಅನ್ನೊಂದು ಅಂದ್ರೆ ಯಾವ್ ವಾರ ಸಾ?"

"ಹದಿನೈದು ಶುಕ್ರವಾರ, ನಮ್ಮ ಜೈಲಲ್ಲಿ ಧ್ವಜ ಹಾರಿಸಿ ಬೂಂದಿ ಹಂಚಿದ್ರು. ಹದಿನಾಲ್ಕು ಗುರುವಾರ, ಹದಿಮೂರು ಬುಧವಾರ..." ಈಶ್ವರಯ್ಯ ಬೆರಳು ಮಡಿಸಿದರು. "ಹನ್ನೊಂದು ಸೋಮವಾರ."

ಚೆನ್ನಯ್ಯ ತಾನೂ ಬೆರಳು ಮಡಿಸಿ ಎಣಿಸಿದ. "ಆವತ್ತು ನಾನು ಅಲ್ಲಿರ್ನೇ ಇಲ್ಲ ಸಾ" ಅಂದ. ಎಲ್ಲಿದ್ದೆ ಎಂದು ಕೇಳಿದರೆ ಮೊದಮೊದಲು ಹೇಳಲಿಲ್ಲ. ಹೆಣ್ಣುಮಕ್ಕಳ ಹೆರಿಗೆಯ ವಿಷಯ, ಅದೂ ಯಜಮಾನರ ಮನೆಯದು, ಸರ್ಕಾರದ ಕಾಗದಕ್ಕೆ ಏರಿಸುವುದೇ? ಈಶ್ವರಯ್ಯ ಒತ್ತಾಯ ಮಾಡಿ ಬಾಯಿ ಬಿಡಿಸಿದರು.

"ನೋಡಪ್ಪ, ಕೇಳು" ಅಂದರು. "ಇದಕ್ಕೆ ವಕೀಲರಿಲ್ಲ. ಆದ್ರೆ ಉತ್ತರ ಬರೆಯೋ ಹಕ್ಕು ನಿನಗಿದೆ. ಮೂರು ಜನ ದೊಡ್ಡೋರು ಕೂತು ಕಾಗದ ನೋಡ್ತಾರೆ, ಸಲಹಾ ಮಂಡಳಿ ಅಂತ. ನಾನೇ ಮುಂದೆ ಬಂದು ಮಾತಾಡ್ತೀನಿ ಅಂತ ನೀನು ಬರೆದು ಕೇಳಿದ್ರೆ ಕರೆಸ್ತಾರೆ. ಅವರು ಸರಿಯಿಲ್ಲ ಅಂದ್ರೆ ಸರ್ಕಾರ ಬಿಡಲೇಬೇಕು. ನಾಳೆ ಕಾಗದ ತರ್ತೀನಿ. ನೀನು ಹೇಳು, ನಾನು ಬರೀತೀನಿ."

"ನಿಮ್ಗೆ ತೊಂದ್ರೆ ಆಗಾಕಿಲ್ವಾ ಸಾ?"

"ಓದಕ್ಕೆ ಬರದೋನಿಗೆ ಓದಿ ಹೇಳಬೇಡ ಅಂತ ಯಾವ ರೂಲಿನಲ್ಲೂ ಇಲ್ಲ" ಎಂದು ಈಶ್ವರಯ್ಯ ಎದ್ದರು.

ಮರುವಾರ ಹೊನ್ನಕ್ಕ ಭೇಟಿಗೆ ಬಂದಾಗ ಅರ್ಜಿ ಹೋಗಿಯಾಗಿತ್ತು. ಚೆನ್ನಯ್ಯ ಅವಳಿಗೆ ಎಲ್ಲ ಹೇಳಿ, ಕೊನೆಗೆ, "ಆ ಮನೆಗೆ ಓಗಿ ಕೇಳ್ಬ್ಯಾಡ ಕಣೇ" ಅಂದ. "ಮನೆ ಯಜಮಾನನ ಇರುದ್ದವಾಗಿ ಯೋಳಿ ಅಂತ ಎಂಗ್ ಕೇಳಾದು? ಮಾಡಿದ್ ಉಪಕಾರಕ್ಕೆ ಪ್ರತಿಫಲ ಕೇಳ್ದಂಗಾಯ್ತದೆ."

ಹೊನ್ನಕ್ಕ ಹೊರಗೆ ಬಂದು ಈಶ್ವರಯ್ಯನವರನ್ನು ಹುಡುಕಿದಳು. ಅವರು ಕಾಗದದ ಕನ್ನಡವನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟು, ಅವಳಿಗೆ ಓದು ಬಾರದೆಂದು ತಿಳಿದು, ತಾರೀಕು, ವಾರ, ಗಂಟೆಯನ್ನು ಬಾಯಿಪಾಠ ಮಾಡಿಸಿದರು. "ಬರೀ ಅವನ ಮಾತು ಸಾಲದು ತಾಯಿ. ಜೊತೆಯಲ್ಲಿದ್ದೋರು ಒಬ್ಬರು ಬರೆದುಕೊಟ್ರೆ ತೂಕ ಬರುತ್ತೆ."

ಊರಿಗೆ ಬಂದವಳು ಗುಡಿಸಲಿಗೂ ಹೋಗದೆ ನೇರ ತಿಮ್ಮಪ್ಪನವರ ಮನೆಯ ಜಗುಲಿಯ ಕೆಳಗೆ ನಿಂತಳು. ಕಾಮಾಕ್ಷಮ್ಮ ಅವರೆಕಾಳು ಹಸನು ಮಾಡುತ್ತಿದ್ದರು.

"ಅವ್ವಾರೇ, ನನ್ ಗಂಡನ್ನ ಯಾಕ್ ಇಡ್ಕೊಂಡ್ ಓದ್ರು ಅಂತ ಗೊತ್ತಾಯ್ತು. ಆಗಸ್ಟ್ ಅನ್ನೊಂದ್ನೇ ತಾರೀಕು, ಸ್ವಾಮಾರ, ಮದ್ಯಾನ ಮೂರ್ ಗಂಟೆಗೆ ಒಳೆ ದಡದಲ್ಲಿ ನಿಂತ್ಕಂಡು ನಿಮ್ ಮನೆ ಸುಡಿ ಅಂದ್ನಂತೆ."

ಕಾಮಾಕ್ಷಮ್ಮನ ಕೈ ಮೊರದ ಮೇಲೆ ನಿಂತಿತು. "ಯಾವತ್ತು ಅಂದೆ?"

ಹೊನ್ನಕ್ಕ ಇನ್ನೊಮ್ಮೆ ಹೇಳಿದಳು.

"ಶಿವನೇ" ಅಂದರು ಕಾಮಾಕ್ಷಮ್ಮ. "ಅದು ನನ್ನ ಮೊಮ್ಮಗಳು ಹುಟ್ಟಿದ ದಿನ ಅಲ್ವೇನೇ? ಮೂರು ಗಂಟೆಗೆ ಅವನು ನನಗೆ ಬಿಸಿನೀರಿನ ಚೆಂಬು ತಂದುಕೊಟ್ಟ. ಈ ಕೈಗೆ." ಅವರು ಮೊರ ಪಕ್ಕಕ್ಕಿಟ್ಟು ಎದ್ದರು. "ನನಗೆ ಬರೆಯೋಕೆ ಬರಲ್ಲ. ಅನಸೂಯಂಗೆ ಬರ್ತದೆ. ನಾಳೆ ಬೆಳಗಿನ ಬಸ್ಸಿಗೆ ಇಬ್ರೂ ಹೋಗೋಣ."

ಒಳಗಿನಿಂದ ತಿಮ್ಮಪ್ಪನವರು ಬಂದು ಬಾಗಿಲಲ್ಲಿ ನಿಂತಿದ್ದರು. "ಎಲ್ಲಿಗೆ ಅವ್ವ?"

"ನಿನ್ನ ಮಗಳು ಯಾವತ್ತು ಹುಟ್ಟಿದ್ಳು ಅಂತ ಸರ್ಕಾರಕ್ಕೆ ಗೊತ್ತಿಲ್ವಂತೆ. ಹೇಳಕ್ಕೆ ಹೋಗ್ತಾ ಇದೀನಿ."

ತಿಮ್ಮಪ್ಪನವರ ಮುಖ ಕಪ್ಪಿಟ್ಟಿತು. ಕಂಬ ಹಿಡಿದುಕೊಂಡರು. ಆಮೇಲೆ ಹೊನ್ನಕ್ಕನ ಕಡೆ ನೋಡದೆಯೇ, "ನಾನು ಹಾಸನದಲ್ಲಿ ಪೊಲೀಸ್ ಸಾಹೇಬರ ಹತ್ರ ಹೇಳಿದ್ದು ಅದರ ಹಿಂದಿನ ದಿನ" ಅಂದರು. "ಅವನನ್ನು ಸ್ವಲ್ಪ ದಿನ ಈ ಕಡೆ ಇಲ್ಲದಂಗೆ ಮಾಡಿ ಅಂದೆ. ಬೆದರಿಸಿ ಕಳಿಸ್ತಾರೆ ಅಂದ್ಕಂಡಿದ್ದೆ. ತಾರೀಕು ಗೀರೀಕು ಯಾರು ಬರ್ಕಂಡ್ರೋ ನನಗೆ ಗೊತ್ತಿಲ್ಲ ಅವ್ವ. ಆಸ್ಪತ್ರೇಲಿ ನೀನು ಹೇಳಿದ ಮೇಲೆ ವಾಪಸ್ ಹೋಗಿ ಬೇಡ ಅನ್ನಬೇಕಿತ್ತು. ನಾಚಿಕೆ ಆಯ್ತು. ಹೋಗ್ನಿಲ್ಲ."

"ಈಗಲಾದ್ರೂ ಅಡ್ಡ ಬರಬ್ಯಾಡ" ಅಂದರು ಕಾಮಾಕ್ಷಮ್ಮ.

ಮಾರನೇ ದಿನ ರಾಮನಾಥಪುರದಲ್ಲಿ ಬಸ್ಸು ಹತ್ತಿದಾಗ ಹೊನ್ನಕ್ಕ ಅಭ್ಯಾಸದಂತೆ ಹಿಂದಕ್ಕೆ ಹೋಗಿ ನಿಂತಳು. ಕಾಮಾಕ್ಷಮ್ಮ ಕತ್ತು ತಿರುಗಿಸಿ ಹುಡುಕಿ, ಪಕ್ಕದ ಜಾಗ ತಟ್ಟಿ ಕರೆದರು. "ಬಾ, ಕೂತ್ಕೋ. ದೂರದ ದಾರಿ." ಊರ ಕಡೆಯ ಇಬ್ಬರು ಗಂಡಸರು ನೋಡಿದರು. ಹೊನ್ನಕ್ಕ ಸೀಟಿನ ಅಂಚಿನಲ್ಲಿ ಕೂತಳು. ಹಳ್ಳಿಮೈಸೂರು ದಾಟುವ ಹೊತ್ತಿಗೆ ಬಸ್ಸಿನ ಕುಲುಕಾಟಕ್ಕೆ ಇಬ್ಬರ ಭುಜ ತಗುಲುತ್ತಿತ್ತು, ಯಾರೂ ಸರಿಯಲಿಲ್ಲ. ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ಕಾಮಾಕ್ಷಮ್ಮ ಬುತ್ತಿ ಬಿಚ್ಚಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಅವಳ ಕೈಗಿಟ್ಟರು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ತಿಂದರು. ಕೇರಿಯಲ್ಲಿ ಕಾಯಿಲೆ ಬಿದ್ದವರು, ಸುಟ್ಟ ದ್ಯಾವಯ್ಯನ ಕೈ, ಕಡ್ಡಿ ಕಟ್ಟುವಾಗ ಮರದ ಕೆಳಗೆ ಅಳುವ ಕೂಸುಗಳು, ಎಲ್ಲವನ್ನೂ ಹೊನ್ನಕ್ಕ ಹೇಳಿದಳು. "ನಮ್ಮನೇಲಿ ನಡೆಯೋದು ನನಗೇ ಗೊತ್ತಿಲ್ಲವಲ್ಲೇ" ಅಂದರು ಕಾಮಾಕ್ಷಮ್ಮ.

ಚನ್ನರಾಯಪಟ್ಟಣದ ತವರುಮನೆಯಲ್ಲಿ ಅನಸೂಯಮ್ಮ ತಲೆಗೆ ಬಟ್ಟೆ ಕಟ್ಟಿಕೊಂಡು ಬಾಣಂತಿ ಕೋಣೆಯಲ್ಲಿದ್ದಳು. ಅತ್ತೆ ಹೇಳಿದ್ದನ್ನು ಪೂರ್ತಿ ಕೇಳುವ ಮೊದಲೇ ಅವಳ ಕಣ್ಣು ತುಂಬಿತ್ತು. ಹೊಸ್ತಿಲಾಚೆ ನಿಂತಿದ್ದ ಹೊನ್ನಕ್ಕನನ್ನು ನೋಡಿ, "ಒಳಗೆ ಬಾರಮ್ಮ" ಅಂದಳು. ಹೊನ್ನಕ್ಕ ಬರಲಿಲ್ಲ. ಅನಸೂಯಮ್ಮನೇ ಎದ್ದು ಹೊಸ್ತಿಲ ಬಳಿ ಬಂದು ಕೂತಳು. ತಮ್ಮನ ಪೆನ್ನು ತರಿಸಿ, ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದಳು. ಬಾಣಂತಿ ಕಣ್ಣಿಗೆ ಆಯಾಸ ಮಾಡಬಾರದೆಂದು ಅವಳ ತಾಯಿ ಗೊಣಗಿದರು. "ಕಣ್ಣು ಉಳಿದಿರೋದೇ ಆ ಮನುಷ್ಯನಿಂದ" ಎಂದು ಅನಸೂಯಮ್ಮ ತಲೆಯೆತ್ತದೆ ಹೇಳಿದಳು. ಆಸ್ಪತ್ರೆಯವರು ಕೊಟ್ಟಿದ್ದ, ತಾರೀಕು ಬರೆದ ಚೀಟಿಯನ್ನೂ ಟ್ರಂಕಿನಿಂದ ತೆಗೆದು ಜೊತೆಗಿಟ್ಟಳು. ಅತ್ತೆಯ ಹೆಬ್ಬೆಟ್ಟು ಕೆಳಗೆ ಒತ್ತಿಸಿದಳು. ಸಲಹಾ ಮಂಡಳಿಯ ಹೆಸರಿಗೆ ರಿಜಿಸ್ಟರ್ ಅಂಚೆಯಲ್ಲಿ ಅದು ಹೋಯಿತು.

ಅಕ್ಟೋಬರ್ ಮೊದಲ ವಾರ ಚೆನ್ನಯ್ಯನನ್ನು ಇಬ್ಬರು ಪೊಲೀಸರು ಬೆಂಗಳೂರಿಗೆ ಕರೆದುಕೊಂಡು ಹೋದರು. ದೊಡ್ಡ ಕೋಣೆ, ಉದ್ದನೆಯ ಮೇಜು, ಆಚೆ ಮೂವರು. ನಡುವೆ ಕೂತವರಿಗೆ ತಲೆ ಪೂರ್ತಿ ನೆರೆತಿತ್ತು. ಅವರು ಕನ್ನಡದಲ್ಲೇ ಮಾತಾಡಿದ್ದರಿಂದ ಚೆನ್ನಯ್ಯ ಮೇಜಿನ ಹತ್ತಿರಕ್ಕೆ ಒಂದು ಹೆಜ್ಜೆ ಇಟ್ಟ.

"ನಾಲ್ಕನೇ ತಾರೀಕು ನೀನು ಏನು ಹೇಳಿದೆ? ಹೇಳಿದ್ದನ್ನು ಹೇಳಿದ ಹಾಗೇ ಹೇಳು."

"ಬ್ಯಾರನ್ನಿಗೆ ಬೆಂಕಿ ಆಕೋರು ನಾವು ಅಂದೆ ಸಾ."

ಪಕ್ಕದಲ್ಲಿದ್ದವರು ಥಟ್ಟನೆ ತಲೆಯೆತ್ತಿದರು. "ಹಾಗಾದರೆ ಒಪ್ಪಿಕೊಳ್ಳುತ್ತೀಯ?"

"ಊಂ ಸಾ. ಅದೇ ನನ್ ಕೆಲ್ಸ. ಅದಿನೈದು ವರ್ಷದಿಂದ ಅದೇ ಮಾಡ್ಕಂಡ್ ಬಂದಿದೀನಿ. ಒಲೆಗೆ ಬೆಂಕಿ ಆಕ್ನಿಲ್ಲ ಅಂದ್ರೆ ಸೊಪ್ಪು ಬೇಯಾಕಿಲ್ಲ."

ಮೊದಲು ನಕ್ಕವರು ನೆರೆತ ತಲೆಯವರು. ಬೇಗನೆ ನಗು ನಿಲ್ಲಿಸಿ, ಬ್ಯಾರನ್ನು ಅಂದರೇನು, ಒಲೆ ಎಲ್ಲಿರುತ್ತದೆ, ದ್ಯಾವಯ್ಯನ ಕೈ ಹೇಗೆ ಸುಟ್ಟಿತು ಎಂದು ಒಂದೊಂದಾಗಿ ಕೇಳಿದರು. ಚೆನ್ನಯ್ಯ ಕೈಯಲ್ಲಿ ಆಕಾರ ಮಾಡಿ ತೋರಿಸಿದ.

"ಕೆಲಸ ನಿಲ್ಲಿಸಿ ಅಂತ ಜನಕ್ಕೆ ಹೇಳಿದೆಯಾ?"

"ಯೋಳ್ದೆ ಸಾ. ಅದು ಸುಳ್ಳಲ್ಲ."

"ಹನ್ನೊಂದನೇ ತಾರೀಕು ಎಲ್ಲಿದ್ದೆ?"

ಅವನು ಮಾತಿಗೆ ತಡವರಿಸಿದ. ನೆರೆತ ತಲೆಯವರು ಫೈಲಿನಿಂದ ಒಂದು ಹಾಳೆ ತೆಗೆದರು. "ನೀನು ಹೇಳಬೇಕಾಗಿಲ್ಲ, ಇಲ್ಲಿ ಬರೆದಿದೆ, ಕೇಳು" ಎಂದು ಓದಿದರು:

"ನಾನು ಅನಸೂಯಮ್ಮ, ದೊಡ್ಡಕೊಪ್ಪಲು ತಿಮ್ಮಪ್ಪನವರ ಹೆಂಡತಿ. ಆಗಸ್ಟ್ ಹನ್ನೊಂದು ಸೋಮವಾರ ನಾನು ಸಾಯುವ ಸ್ಥಿತಿಯಲ್ಲಿದ್ದೆ. ಚೆನ್ನಯ್ಯ ನನ್ನನ್ನು ಗಾಡಿಯಲ್ಲಿ ಅರಕಲಗೂಡಿನ ಆಸ್ಪತ್ರೆಗೆ ತಂದ. ತುಂಬಿದ ಹಳ್ಳದಲ್ಲಿ ಎದೆಮಟ್ಟ ನೀರಿಗಿಳಿದು ದಾಟಿಸಿದ. ಸಂಜೆಯವರೆಗೆ ಆಸ್ಪತ್ರೆಯ ಅಂಗಳ ಬಿಟ್ಟು ಹೋಗಲಿಲ್ಲ. ನಮ್ಮ ಮನೆ ಸುಡಿರೆಂದು ಅವನು ಹೇಳಿದನೆಂದು ಬರೆದಿರುವ ಹೊತ್ತಿನಲ್ಲಿ ಅವನು ನಮ್ಮ ಮನೆಯನ್ನು ಉಳಿಸುತ್ತಿದ್ದ. ಇದನ್ನು ಯಾರ ಬಲವಂತವೂ ಇಲ್ಲದೆ, ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು ಬರೆದಿದ್ದೇನೆ."

ಚೆನ್ನಯ್ಯನಿಗೆ ಹೊನ್ನಕ್ಕ ತನ್ನ ಮಾತು ಮೀರಿ ಹೋಗಿದ್ದಾಳೆಂದು ಆಗ ತಿಳಿಯಿತು. ಅವನು ಮೇಜಿನವರಿಗೆ ಕೈಮುಗಿದ. ಯಾರಿಗೆ ಮುಗಿಯುತ್ತಿದ್ದೇನೆಂದು ಅವನಿಗೇ ಸ್ಪಷ್ಟವಿರಲಿಲ್ಲ. ಆ ಕಾಗದ ಬರೆದವಳಿಗೋ, ಅದನ್ನು ಬರೆಸಿದ ಹೆಂಡತಿಗೋ, ಕನ್ನಡದಲ್ಲಿ ಓದಿ ಹೇಳಿದ ಈ ಮುದುಕರಿಗೋ.

ವಿಜಯದಶಮಿ ಕಳೆದ ಮೂರನೇ ದಿನ ಬೆಳಿಗ್ಗೆ ಬಿಡುಗಡೆಯ ಆಜ್ಞೆ ಹಾಸನಕ್ಕೆ ಬಂತು. ಅರವತ್ತಾರು ದಿನವಾಗಿತ್ತು. ಗೇಟಿನಲ್ಲಿ ಈಶ್ವರಯ್ಯ ನಿಂತಿದ್ದರು. ಚೆನ್ನಯ್ಯ ಕಾಲಿಗೆ ಬೀಳಲು ಬಗ್ಗಿದಾಗ ಭುಜ ಹಿಡಿದು ಎತ್ತಿದರು. "ಬೇಡ ಮಾರಾಯ. ನಾನು ಓದಿ ಹೇಳ್ದೆ, ಅಷ್ಟೇ. ಬಿಡಿಸಿದ್ದು ನಿನ್ನ ಹೆಂಡ್ತಿ. ಅಲ್ಲಿ ನಿಂತಿದಾಳೆ ನೋಡು, ಬೆಳಗಿನ ಜಾವದಿಂದ."

ಊರಿಗೆ ಬಂದಾಗ ಸೊಪ್ಪಿನ ಕಾಲ ಮುಗಿದಿತ್ತು. ಅರ್ಧ ಸೊಪ್ಪು ಹೊಲದಲ್ಲೇ ಒಣಗಿಹೋಗಿತ್ತು, ಉಳಿದರ್ಧ ತಿಮ್ಮಪ್ಪನವರು ಜನ ಕೇಳಿದ್ದಕ್ಕೆ ಒಪ್ಪಿದ ಮೇಲೆ ಬೆಂದಿತ್ತು. ಕಾಮಾಕ್ಷಮ್ಮ ಚನ್ನರಾಯಪಟ್ಟಣದಿಂದ ಬಂದ ಮಾರನೇ ದಿನವೇ ಬ್ಯಾರನ್ನಿನ ಬಳಿ ಹೆಂಗಸರಿಗೆ ಒಂದು ಚಪ್ಪರ ಹಾಕಿಸಿದ್ದರಂತೆ, ಕೂಸು ಮಲಗಿಸಲು. ತಿಮ್ಮಪ್ಪನವರು ಕೇರಿಯ ದಾರಿಯಲ್ಲಿ ಎದುರಾದರು. ಇಬ್ಬರೂ ನಿಂತರು.

"ನಾನು ನಿನಗೆ ಅನ್ಯಾಯ ಮಾಡ್ದೆ ಚೆನ್ನಯ್ಯ" ಅಂದರು ತಿಮ್ಮಪ್ಪ.

"ಊಂ ಬುದ್ದಿ, ಮಾಡುದ್ರಿ" ಅಂದ ಚೆನ್ನಯ್ಯ. "ನಂಗೆ ಸಿಟ್ಟು ಓಗಿಲ್ಲ, ಸುಳ್ಳ್ಯಾಕ್ ಯೋಳ್ಳಿ. ಓಗ್ಲಿ ಅಂತ ನೋಡ್ತಾ ಇವ್ನಿ. ಆದ್ರೆ ಅವ್ವಾರು, ಅಮ್ಮಾವ್ರು ಮಾಡಿದ್ದು ಅದ್ಕಿಂತ ದೊಡ್ಡದು. ಅದುನ್ನ ಮರೀಬಾರ್ದು ಅಂತ ಮುಂದ್ಲ ವರ್ಷನೂ ನಿಮ್ ಒಲೆ ಮುಂದೆ ಕೂರ್ತೀನಿ."

ಕೂತ. ಅವನ ಸಿಟ್ಟು ಹೋಗಲು ಎರಡು ವರ್ಷ ಹಿಡಿಯಿತೆಂದು ಹೊನ್ನಕ್ಕ ಹೇಳುತ್ತಿದ್ದಳು.

ಈಶ್ವರಯ್ಯನವರನ್ನು ಇನ್ನೊಮ್ಮೆ ನೋಡಬೇಕೆಂಬ ಆಸೆ ಮಾತ್ರ ಕೈಗೂಡಿದ್ದು ಆರು ವರ್ಷದ ಮೇಲೆ. ಅವರು ನಿವೃತ್ತರಾಗಿ ನುಗ್ಗೇಹಳ್ಳಿಯ ತೋಟ ಸೇರಿದ್ದಾರೆಂದು ತಿಳಿದು, ೧೯೬೪ರ ಪುಷ್ಯಮಾಸದಲ್ಲಿ ಗಂಡಹೆಂಡಿರು ಒಂದು ಚೀಲ ಸೊನೆ ಅವರೆಕಾಯಿ ಹೊತ್ತುಕೊಂಡು ಬಸ್ಸಿನಲ್ಲಿ ಹೊರಟರು. ಈಶ್ವರಯ್ಯ ತೆಂಗಿನ ಪಾತಿಯಲ್ಲಿ ಮಣ್ಣು ಕೆದಕುತ್ತಿದ್ದರು. ಮೀಸೆ ಬೆಳ್ಳಗಾಗಿತ್ತು. ಬಂದವರನ್ನು ಹುಬ್ಬಿಗೆ ಕೈ ಹಚ್ಚಿ ನೋಡಿದರು, ಗುರುತು ಹತ್ತಲಿಲ್ಲ. ಚೆನ್ನಯ್ಯ ಹೆಸರು ಹೇಳಿದ, ಊರು ಹೇಳಿದ, ಇಂಗ್ಲಿಷ್ ಕಾಗದದ ಕತೆ ಹೇಳಿದ.

"ಇರಬೋದಪ್ಪ" ಅಂದರು ಈಶ್ವರಯ್ಯ ಸಂಕೋಚದಿಂದ. "ಆ ಜೈಲಲ್ಲಿ ಎಷ್ಟೋ ಜನಕ್ಕೆ ಓದಿ ಹೇಳಿದೀನಿ, ಬರೆದುಕೊಟ್ಟಿದೀನಿ. ಯಾರು ಯಾರು ಅಂತ ನೆನಪಿಲ್ಲ. ಬೇಜಾರು ಮಾಡ್ಕೋಬೇಡ."

ಹೊನ್ನಕ್ಕನಿಗೆ ಸ್ವಲ್ಪ ಪಿಚ್ಚೆನಿಸಿತು. ಚೆನ್ನಯ್ಯನ ಮುಖ ಮಾತ್ರ ಅರಳಿತು. ತನ್ನೊಬ್ಬನಿಗೇ ಸಿಕ್ಕ ಭಾಗ್ಯವೆಂದು ಅವನು ಆರು ವರ್ಷ ನೆನೆದಿದ್ದ. ಈಗ, ತನ್ನಂಥವರು ಇನ್ನೆಷ್ಟೋ ಮಂದಿ, ಎಲ್ಲೆಲ್ಲೋ, ತಮ್ಮ ತಮ್ಮ ಮನೆಯಲ್ಲಿ ಕೂತು ಈ ಮನುಷ್ಯನನ್ನು ನೆನೆಯುತ್ತಿರಬೇಕೆಂದು ಹೊಳೆಯಿತು.

"ಬೇಜಾರೇನಿಲ್ಲ ಸಾ" ಅಂದ. "ಸಂತೋಸ ಆಯ್ತು."

ಈಶ್ವರಯ್ಯ ಕೈ ತೊಳೆದುಕೊಂಡು ಬಂದರು. ಚೀಲದಿಂದ ಒಂದು ಅವರೆಕಾಯಿ ತೆಗೆದು ಮೂಸಿ, ಸೊನೆಯ ಘಮಕ್ಕೆ ಕಣ್ಣು ಮುಚ್ಚಿದರು. ಆಮೇಲೆ ಮನೆಯ ಕಡೆ ತಿರುಗಿ, ಇನ್ನೆರಡು ಎಲೆ ಹಾಕಲು ಹೆಂಡತಿಗೆ ಕೂಗಿ ಹೇಳಿದರು.